ಮಳೆಗಾಲದಲ್ಲಿ ದನಿ ಕುಗ್ಗಿದ ಟ್ಯೂಬ್ ಆಂಪ್: ದೋಷ ಹುಡುಕಿದ ದಾರಿ

ನನ್ನ ಗಿಟಾರ್ ಆಂಪ್ ಟ್ಯೂಬಿನದು, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್‌ಗಳಿಂದ ದನಿ ದೊಡ್ಡದು ಮಾಡುವಂಥದ್ದು. ಅದಕ್ಕೆ ಬಂದ ದೋಷದ ಲಕ್ಷಣ ಇಷ್ಟು. ಆಂಪ್ ಹಾಕಿದ ಮೊದಲ ಹದಿನೈದು ಇಪ್ಪತ್ತು ನಿಮಿಷ ಎಲ್ಲ ಸರಿ. ಆಮೇಲೆ ದನಿ ನಿಧಾನಕ್ಕೆ ತೆಳುವಾಗುತ್ತದೆ. ಮೆತ್ತಗೆ ಮೀಟಿದರೂ ಒಡಕು ಬರುತ್ತದೆ. ಕೈ ನಿಲ್ಲಿಸಿದರೆ ಸ್ಪೀಕರಿನಿಂದ ಗುಂಯ್ ಎನ್ನುವ ಸದ್ದು. ಅದು ಮೊದಲು ಇರಲಿಲ್ಲ. ಆರಿಸಿ ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಹದಿನೈದು ನಿಮಿಷ ಚೆನ್ನಾಗಿರುತ್ತದೆ.

ಇದು ಶುರುವಾಗಿದ್ದು ಜುಲೈನಲ್ಲಿ, ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ. ಹೊರಗೆ ಮೂರು ದಿನದಿಂದ ಬಿಡದೆ ಮಳೆ. ಆಂಪ್ 15 ವ್ಯಾಟಿನ ಕಾಂಬೊ, ಅಂದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಒಳಗೆ 12ಎಎಕ್ಸ್7 ಎಂಬ ಸಣ್ಣ ಟ್ಯೂಬ್ ಮೂರು, ಇಎಲ್84 ಎಂಬ ಪವರ್ ಟ್ಯೂಬ್ ಎರಡು, 12 ಇಂಚಿನ ಸ್ಪೀಕರ್ ಒಂದು, ದನಿಗೆ ಪ್ರತಿಧ್ವನಿಯ ಛಾಯೆ ಕೊಡುವ ಸ್ಪ್ರಿಂಗ್ ರಿವರ್ಬ್ ಒಂದು. ಸಂಜೆ ಸುಗಮ ಸಂಗೀತಕ್ಕೆ ಹಿಂದೆ ಮೆಲ್ಲಗೆ ಗಿಟಾರ್ ಕಾರ್ಡ್ ನುಡಿಸುವುದಕ್ಕೂ, ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಜೊತೆ ಸೋಲೋ ನುಡಿಸುವುದಕ್ಕೂ ನನಗೆ ಈ ಒಂದೇ ಪೆಟ್ಟಿಗೆ ಸಾಕಾಗಿತ್ತು. ಹಾಗಾಗಿ ಅದರ ದನಿ ಕುಗ್ಗಿದಾಗ ತುಂಬ ಬೇಸರವಾಯಿತು.

ಇಂಥ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂದು ಇಲ್ಲಿ ಬರೆದಿದ್ದೇನೆ. ನನ್ನ ಆಂಪಿನಲ್ಲಿ ಕೊನೆಗೆ ಸಿಕ್ಕಿದ್ದು ಒಂದಲ್ಲ, ಎರಡು ಕಾರಣ. ಹುಡುಕುವ ದಾರಿಯಲ್ಲಿ ನೋಡಿ ಬಿಟ್ಟ ಬೇರೆ ದೋಷಗಳನ್ನೂ ಸೇರಿಸಿದ್ದೇನೆ, ಯಾಕೆಂದರೆ ಮಲೆನಾಡಿನಲ್ಲಿ ಟ್ಯೂಬ್ ಆಂಪ್ ಇಟ್ಟುಕೊಂಡವರಿಗೆ ಅವೆಲ್ಲ ಒಂದಲ್ಲ ಒಂದು ದಿನ ಬಂದೇ ಬರುತ್ತವೆ.

ದೋಷವೋ, ಸ್ವಭಾವವೋ?

ಟ್ಯೂಬ್ ಆಂಪಿನ ನಿಜವಾದ ಸೊಗಸು ಅದರ ಹರವು. ನನ್ನ ಆಂಪಿನ ವಾಲ್ಯೂಮ್ 5ಕ್ಕೆ ಇಟ್ಟು ಬಿಡುತ್ತೇನೆ, ಆಮೇಲೆ ಅದನ್ನು ಮುಟ್ಟುವುದಿಲ್ಲ. ಗಿಟಾರ್‌ನ ವಾಲ್ಯೂಮ್ 3ಕ್ಕೆ ಇದ್ದರೆ ದನಿ ದೇವಸ್ಥಾನದ ಗಂಟೆಯ ಹಾಗೆ ತಿಳಿಯಾಗಿರುತ್ತದೆ. 6ಕ್ಕೆ ಏರಿಸಿದರೆ ಅಂಚಿನಲ್ಲಿ ಸಣ್ಣ ಒರಟು. ಮೆತ್ತಗೆ ಮೀಟಿದರೆ ಆ ಒರಟು ಮಾಯ, ಗಟ್ಟಿ ಮೀಟಿದರೆ ಹಾಜರು. 10ಕ್ಕೆ ಹೋದರೆ ಗುರುಗುಟ್ಟುತ್ತದೆ, ಒಂದು ಸ್ವರ ಹಿಡಿದರೆ ಅದು ತಾನಾಗಿ ಮೊಳಗುತ್ತಲೇ ಇರುತ್ತದೆ. ಇಷ್ಟಕ್ಕೂ ತಿರುಗಿಸಿದ್ದು ಒಂದೇ ಒಂದು ಗುಂಡಿ.

ಹಾಗಾಗಿ ನನ್ನ ಮೊದಲ ಮೀಟರ್ ಗಿಟಾರ್‌ನ ವಾಲ್ಯೂಮ್ ಗುಂಡಿಯೇ. ಆಂಪ್ ಆರೋಗ್ಯವಾಗಿದ್ದಾಗ 3, 6, 10ರಲ್ಲಿ ಹೇಗೆ ಕೇಳಿಸುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಏನೋ ಸರಿಯಿಲ್ಲ ಅನ್ನಿಸಿದ ದಿನ ಅದೇ ಗಿಟಾರ್, ಅದೇ ವೈರ್, ಅದೇ ಗುಂಡಿಗಳಲ್ಲಿ ಮತ್ತೆ ನುಡಿಸಿ ಹೋಲಿಸಿ. 3ರಲ್ಲಿ ದನಿ ತಿಳಿಯಾಗಲೇ ಇಲ್ಲ ಎಂದರೆ ಆಂಪ್ ಒಳಗೆ ಯಾವುದೋ ಹಂತ ತನ್ನ ಜಾಗ ಬಿಟ್ಟು ಸರಿದಿದೆ ಎಂದೇ ಅರ್ಥ. 3ರಲ್ಲಿ ತಿಳಿ, 10ರಲ್ಲಿ ಮಾತ್ರ ಸೊರಗಿದೆ ಎಂದರೆ ಪವರ್ ಕಡಿಮೆ ಬರುತ್ತಿದೆ. ಎರಡೂ ಕಡೆ ಒಂದೇ ಥರ ಮಂಕು ಎಂದರೆ ವೈರ್, ಜ್ಯಾಕ್, ಸ್ಪೀಕರ್ ಕಡೆ ನೋಡಿ. ಈ ಮೂರು ವಾಕ್ಯ ನನಗೆ ಎಷ್ಟೋ ಸಲ ಸ್ಕ್ರೂಡ್ರೈವರ್ ಹಿಡಿಯುವುದನ್ನು ತಪ್ಪಿಸಿವೆ.

ಇನ್ನೊಂದು ಮಾತು. ಬೇರೆಯವರ ಆಂಪ್ ಕೇಳಿ ಬಂದು ನಮ್ಮದು ಕೆಟ್ಟಿದೆ ಅಂದುಕೊಳ್ಳಬಾರದು. ಫೆಂಡರ್ ಡೀಲಕ್ಸ್ ರಿವರ್ಬ್‌ ಎಂಬ ಆಂಪಿನಲ್ಲಿ 6ವಿ6 ಎಂಬ ಪವರ್ ಟ್ಯೂಬ್ ಎರಡು, 22 ವ್ಯಾಟ್. ವಾಕ್ಸ್ ಎಸಿ30ರಲ್ಲಿ ಇಎಲ್84 ನಾಲ್ಕು, 30 ವ್ಯಾಟ್, ಸ್ಪೀಕರ್ ಕೂಡ ಎರಡು. ಎರಡು ಇಎಲ್84 ಇರುವ 15 ವ್ಯಾಟಿನ ಆಂಪಿನ ದನಿ ಅವುಗಳಿಗಿಂತ ಬೇಗ ಒಡೆಯುತ್ತದೆ. ಅದು ಅದರ ಸ್ವಭಾವ. ಪೆಂಡಾಲಿನಲ್ಲಿ ಡ್ರಮ್ ಜೊತೆ ತಿಳಿ ದನಿಯಲ್ಲೇ ಜೋರು ಬೇಕು ಎಂದರೆ ಮುಂದೆ ಮೈಕ್ ಇಡಬೇಕೇ ಹೊರತು ಆಂಪ್ ಬಿಚ್ಚಿ ಪ್ರಯೋಜನವಿಲ್ಲ.

ಬಿಚ್ಚುವ ಮುಂಚೆ ಇದನ್ನು ಓದಿ

ಟ್ಯೂಬ್ ಆಂಪಿನ ಒಳಗೆ 300ರಿಂದ 450 ವೋಲ್ಟ್‌ವರೆಗೆ ಡಿಸಿ ಇರುತ್ತದೆ. ದೊಡ್ಡ ಆಂಪಿನಲ್ಲಿ ಇನ್ನೂ ಜಾಸ್ತಿ. ಪ್ಲಗ್ ಕಿತ್ತ ಮೇಲೂ, ಡಿಸಿಯ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಆ ವೋಲ್ಟೇಜ್ ಉಳಿದಿರುತ್ತದೆ. ಅದು ಜೀವ ತೆಗೆಯುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತು ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಹೊರಗಿನ ಪರೀಕ್ಷೆಗಳನ್ನು ಮಾತ್ರ ಮಾಡಿ. ಅದರಲ್ಲೇ ಅರ್ಧಕ್ಕರ್ಧ ದೋಷ ಸಿಗುತ್ತದೆ. ಒಳಗೆ ಹೋಗುವವರು ಪ್ಲಗ್ ಕಿತ್ತು, 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಒಳ್ಳೆ ಇನ್ಸುಲೇಷನ್ ಇರುವ ವೈರ್ ಕಟ್ಟಿ, ಪ್ರತಿ ಫಿಲ್ಟರ್ ಕೆಪಾಸಿಟರಿನ ಚಾರ್ಜ್ ಇಳಿಸಿ. ಇಳಿದಿದೆ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಬೆರಳು ಹಾಕಿ. ಕರೆಂಟ್ ಇದ್ದಾಗ ಅಳೆಯುವುದಾದರೆ ಒಂದು ಕೈ ಬೆನ್ನ ಹಿಂದೆ ಇರಲಿ, ಮನೆಯಲ್ಲಿ ಇನ್ನೊಬ್ಬರು ಹತ್ತಿರ ಇರಲಿ.

ಮತ್ತೊಂದು ನಿಯಮ ಆಂಪಿನ ಜೀವಕ್ಕೆ ಸಂಬಂಧಿಸಿದ್ದು. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಬಾರದು. ಪವರ್ ಟ್ಯೂಬಿನ ಸಿಗ್ನಲನ್ನು ಸ್ಪೀಕರಿಗೆ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಇಡೀ ಆಂಪಿನಲ್ಲಿ ಹುಡುಕಿ ತರುವುದಕ್ಕೆ ಕಷ್ಟವಾದ ಭಾಗ ಅದೇ.

ಹೊರಗಿನಿಂದ ಶುರು: ವೈರ್, ಗಿಟಾರ್, ಕರೆಂಟ್

ನನಗೆ ಈ ಕ್ರಮ ಕಲಿಸಿದವರು ನಮ್ಮೂರಿನ ಹಳೆ ರೇಡಿಯೋ ರಿಪೇರಿಯವರು. ವಾಲ್ವ್ ರೇಡಿಯೋ ಕಾಲದವರು, ಟ್ಯೂಬ್ ಅನ್ನುವುದಿಲ್ಲ, ವಾಲ್ವ್ ಅಂತಲೇ ಹೇಳುತ್ತಾರೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುತ್ತಿದ್ದ ಇಎಲ್84, ಇಸಿಸಿ83 ಅವರ ಹಳೆಯ ಡಬ್ಬಿಯಲ್ಲಿ ಈಗಲೂ ಒಂದೆರಡು ಇವೆ. ಇಸಿಸಿ83 ಅಂದರೆ 12ಎಎಕ್ಸ್7ರದೇ ಯುರೋಪಿನ ಹೆಸರು. ನಾನು ಆಂಪ್ ಹೊತ್ತುಕೊಂಡು ಹೋಗಿ, "ಅಣ್ಣಾ, ವಾಲ್ವ್ ಹೋಗಿದೆ ಅನ್ನಿಸ್ತದೆ" ಅಂದೆ.

"ಎಂತ ಮಾರಾಯ, ವಾಲ್ವ್ ಹೋಗಿದ್ದು ನಿಂಗೆ ಹೇಗೆ ಗೊತ್ತಾಯ್ತು? ಮೊದ್ಲು ಮನೇಲಿ ಕರೆಂಟ್ ಎಷ್ಟು ಬರ್ತದೆ, ಅದು ಹೇಳು" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ವೈರ್ ಮತ್ತು ಗಿಟಾರ್ ವಿಷಯ ಬೇಗ ಮುಗಿಯುತ್ತದೆ. ಬೇರೆ ವೈರ್ ಹಾಕಿ, ಬೇರೆ ಗಿಟಾರ್ ಹಾಕಿ, ನಡುವಿನ ಪೆಡಲ್ ಎಲ್ಲ ತೆಗೆದು ನೇರ ಸಿಕ್ಕಿಸಿ. ವೈರ್ ಅಲ್ಲಾಡಿಸಿದಾಗ ಚಟಪಟ ಬಂದರೆ ಅಲ್ಲೇ ನಿಲ್ಲಿಸಿ. ಇನ್‌ಪುಟ್‌ನಲ್ಲಿ ಏನೂ ಸಿಕ್ಕಿಸದೆ ಇದ್ದಾಗಲೂ ಗುಂಯ್ ಸದ್ದು ಉಳಿದರೆ ಅದು ಆಂಪಿನದ್ದು. ಸಿಕ್ಕಿಸಿದಾಗ ಮಾತ್ರ ಬಂದು, ತಂತಿ ಮುಟ್ಟಿದ ಕೂಡಲೇ ಕಡಿಮೆಯಾದರೆ ಗಿಟಾರ್ ಹಿಡಿದುಕೊಳ್ಳುತ್ತಿರುವ ಸದ್ದು. ಫ್ಯಾನ್ ರೆಗ್ಯುಲೇಟರ್, ಹಳೇ ಟ್ಯೂಬ್‌ಲೈಟ್ ಆರಿಸಿ ನೋಡಿ.

ಕರೆಂಟ್ ವಿಷಯ ಹಾಗಲ್ಲ. ಅದರ ಮೇಲೆ ಸ್ವಲ್ಪ ಹೊತ್ತು ಕೂರಬೇಕು.

ನಮ್ಮಲ್ಲಿ ಲೆಕ್ಕಕ್ಕೆ 230 ವೋಲ್ಟ್. ಟ್ಯೂಬ್ ಒಳಗಿನ ಹೀಟರಿಗೆ ಬೇಕಾದದ್ದು 6.3 ವೋಲ್ಟ್. ಹೀಟರ್ ಕಾದರೆ ಮಾತ್ರ ಕ್ಯಾಥೋಡಿನಿಂದ ಎಲೆಕ್ಟ್ರಾನ್ ಬಿಡುಗಡೆಯಾಗಿ ಪ್ಲೇಟಿನ ಕಡೆ ಹರಿಯುತ್ತವೆ; ನಡುವಿನ ಗ್ರಿಡ್ ಆ ಹರಿವನ್ನು ಹತೋಟಿಯಲ್ಲಿಡುತ್ತದೆ. ಗೋಡೆಯ ವೋಲ್ಟೇಜ್ ಇಳಿದಷ್ಟೂ ಹೀಟರಿನ ವೋಲ್ಟೇಜೂ ಇಳಿಯುತ್ತದೆ, ಏಕೆಂದರೆ ಟ್ರಾನ್ಸ್‌ಫಾರ್ಮರ್ ಬರೀ ಅನುಪಾತದಲ್ಲಿ ಕೆಲಸ ಮಾಡುತ್ತದೆ. ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಮೀಟರ್ ಇಟ್ಟರೆ 188 ವೋಲ್ಟ್. ಅಂದರೆ ಹೀಟರಿಗೆ ಸುಮಾರು 5.15 ವೋಲ್ಟ್. ಜೊತೆಗೆ ಪ್ಲೇಟ್ ವೋಲ್ಟೇಜ್ ಕೂಡ ಹದಿನೆಂಟು ಪರ್ಸೆಂಟ್ ಇಳಿದಿರುತ್ತದೆ. ದನಿ ಮೆತ್ತಗಾಗುತ್ತದೆ, ಬೇಗ ಒಡೆಯುತ್ತದೆ, ಗಟ್ಟಿ ಮೀಟಿದರೆ ಹತ್ತಿಯ ಮೇಲೆ ಗುದ್ದಿದ ಹಾಗೆ ಅನ್ನಿಸುತ್ತದೆ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲೆನ್ ವೇರಿಯಾಕ್, ಅಂದರೆ ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟು ಬೇಕೆಂದೇ ಆಂಪಿನ ವೋಲ್ಟೇಜ್ ತಗ್ಗಿಸಿ ನುಡಿಸಿದ್ದರು. ಅದು ಅವರು ಆರಿಸಿಕೊಂಡ ದನಿ. ತಿಳಿ ದನಿ ಬೇಕಾದವರಿಗೆ ಇದೇ ಕೊರತೆ.

ಸಂಜೆ ಮತ್ತು ಬೆಳಗಿನ ಜಾವ, ಎರಡೂ ಹೊತ್ತು ಅಳೆದು ಬರೆದಿಡಿ. ಅಕ್ಕಪಕ್ಕದ ತೋಟಗಳಲ್ಲಿ ಮೋಟಾರ್ ಓಡುವ ಹೊತ್ತು, ಓಡದ ಹೊತ್ತು ಕೂಡ ನೋಡಿ. ಆಂಪ್ ಸಂಜೆ ಮಾತ್ರ ಕೆಟ್ಟದಾಗಿ, ಬೆಳಿಗ್ಗೆ ಐದಕ್ಕೆ ಚೆನ್ನಾಗಿ ಕೇಳಿಸಿದರೆ ಉತ್ತರ ಅಲ್ಲೇ ಇದೆ. ಪರಿಹಾರ ಸ್ಟೆಬಿಲೈಸರ್. ಇಷ್ಟು ಸಣ್ಣ ಆಂಪಿಗೆ 500 ವಿಎ ಧಾರಾಳವಾಯಿತು. ರಿಲೇ ಇರುವ ಸ್ಟೆಬಿಲೈಸರ್ ಹಂತ ಬದಲಿಸುವಾಗ ಒಮ್ಮೊಮ್ಮೆ ಟಪ್ ಎಂದು ಸದ್ದು ಬರುತ್ತದೆ, ಅದು ದೋಷವಲ್ಲ. ಇನ್ವರ್ಟರ್ ಮೇಲೆ ನುಡಿಸುವಾಗ ಬರ್ರ್ ಎನ್ನುವ ಒರಟು ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣ. ಸೈನ್ ವೇವ್ ಇನ್ವರ್ಟರಿನಲ್ಲಿ ಅದು ಇರುವುದಿಲ್ಲ.

ಅರ್ಥಿಂಗ್ ಕೂಡ ನೋಡಿ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರ್ ಇರುವುದಿಲ್ಲ. ಗುಂಯ್ ಸದ್ದು ಹೋಗುತ್ತದೆ ಎಂದು ಪ್ಲಗ್ಗಿನ ಅರ್ಥ್ ಪಿನ್ ಕೀಳುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಏನಾದರೂ ಶಾರ್ಟ್ ಆದರೆ ಗಿಟಾರ್ ತಂತಿಗೇ ಕರೆಂಟ್ ಬರುತ್ತದೆ.

ನಾನು ಮಾಡಿದ್ದೇನೆಂದರೆ, ಆಂಪನ್ನು ಕಾರಿನಲ್ಲಿಟ್ಟುಕೊಂಡು ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ತಂದೆ. ವಿನೋಬನಗರದಲ್ಲಿ ಸ್ನೇಹಿತನ ಮನೆಯಲ್ಲಿ ಮೀಟರ್ 228 ವೋಲ್ಟ್ ತೋರಿಸಿತು. ಆಂಪ್ ಹಾಕಿದೆ. ಆ ಹತ್ತಿಯಂಥ ಮೆತ್ತನೆ ಪೂರ್ತಿ ಹೋಯಿತು, 10ರಲ್ಲಿ ಮೊದಲಿನ ಗುರುಗುಟ್ಟು ವಾಪಸ್ ಬಂತು. ಇನ್ನೇನು ಮುಗಿಯಿತು ಅಂದುಕೊಂಡೆ. ಆದರೆ ಇಪ್ಪತ್ತನೆಯ ನಿಮಿಷಕ್ಕೆ ಸರಿಯಾಗಿ ಮತ್ತೆ ಗುಂಯ್. 3ರಲ್ಲಿ ಒಡಕು. ಅಂದರೆ ಒಂದು ಕಾರಣ ಗೋಡೆಯಲ್ಲಿತ್ತು, ಇನ್ನೊಂದು ಪೆಟ್ಟಿಗೆಯ ಒಳಗೆ ಇದೆ. ಆ ಪ್ರಯಾಣ ಮಾಡದಿದ್ದರೆ ಎರಡನ್ನೂ ಒಂದೇ ಅಂದುಕೊಂಡು ತಿಂಗಳುಗಟ್ಟಲೆ ಒದ್ದಾಡುತ್ತಿದ್ದೆ.

ಥಂಡಿಯ ಕೆಲಸ: ಜ್ಯಾಕ್, ಗುಂಡಿ, ಸ್ಪೀಕರ್

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಚಪ್ಪಲಿಗೂ ಹಿಡಿಯುತ್ತದೆ. ಆಂಪಿನ ಜ್ಯಾಕ್ ಒಳಗಿನ ಸಂಪರ್ಕಗಳನ್ನು ಬಿಡುತ್ತದೆಯೇ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅದರ ಸುತ್ತಲಿನ ಊರುಗಳಲ್ಲಿ ಈ ದೋಷಗಳನ್ನೇ ಮೊದಲು ಸಂಶಯಿಸಬೇಕು.

ಎಫೆಕ್ಟ್ಸ್ ಲೂಪ್, ಅಂದರೆ ಸಿಗ್ನಲನ್ನು ಹೊರಗಿನ ಪೆಡಲಿಗೆ ಕೊಟ್ಟು ವಾಪಸ್ ತರುವ ಜೋಡಿ ಜ್ಯಾಕ್ ಇರುವ ಆಂಪ್ ಆದರೆ ಒಂದು ಸುಲಭ ಪರೀಕ್ಷೆ ಇದೆ. ಸೆಂಡ್ ಜ್ಯಾಕಿನಿಂದ ರಿಟರ್ನ್ ಜ್ಯಾಕಿಗೆ ಒಂದು ಗಿಡ್ಡ ವೈರ್ ಸಿಕ್ಕಿಸಿ. ಸತ್ತ ದನಿ ಥಟ್ಟನೆ ಎದ್ದು ಬಂದರೆ ಜ್ಯಾಕ್ ಒಳಗಿನ ಸ್ವಿಚ್ ತುಕ್ಕು ಹಿಡಿದಿದೆ. ಏನೂ ಸಿಕ್ಕಿಸದಿದ್ದಾಗ ಸಿಗ್ನಲ್ ಆ ಸ್ವಿಚ್ ಮೂಲಕವೇ ಹಾದು ಹೋಗಬೇಕು, ಅಲ್ವಾ? ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ನನ್ನು ಇಪ್ಪತ್ತು ಸಲ ಒಳಗೆ ಹೊರಗೆ ಮಾಡಿದರೆ ಸಾಕು. ದನಿ ಬಂದು ಹೋಗಿ ಮಾಡುವ ಆಂಪ್‌ಗಳಲ್ಲಿ ನಾನು ಜಾಸ್ತಿ ಕಂಡಿದ್ದು ಇದನ್ನೇ.

ಗುಂಡಿ ತಿರುಗಿಸಿದಾಗ ಕರಕರ ಬಂದರೂ ಅದೇ ಕ್ಲೀನರ್. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇಡ, ಅದರ ಜಿಡ್ಡು ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಕ್ಲೀನ್ ಮಾಡಿದ ಎರಡೇ ದಿನಕ್ಕೆ ಅದೇ ಗುಂಡಿ ಮತ್ತೆ ಕರಕರ ಅಂದರೆ ಆ ಗುಂಡಿಯದೇ ತಪ್ಪು ಅಂದುಕೊಳ್ಳಬೇಡಿ. ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್, ಅಂದರೆ ಸಿಗ್ನಲನ್ನು ಹಾಯಿಸಿ ಡಿಸಿಯನ್ನು ತಡೆಯಬೇಕಾದ ಭಾಗ, ಡಿಸಿ ಸೋರಿಸುತ್ತಿರಬಹುದು. ಈ ಮಾತು ನೆನಪಿರಲಿ, ನನ್ನ ಕತೆಯ ಕೊನೆಗೆ ಇದರ ದೊಡ್ಡ ರೂಪ ಬರುತ್ತದೆ.

ಸ್ಪೀಕರ್ ಪರೀಕ್ಷೆಗೆ ಆಂಪ್ ಆರಿಸಿ, ಸ್ಪೀಕರಿನ ವೈರ್ ಬಿಡಿಸಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಆರು ಏಳು ಓಮ್ ತೋರಿಸಬೇಕು. 1.5 ವೋಲ್ಟಿನ ಗಡಿಯಾರದ ಸೆಲ್ ಒಂದು ಕ್ಷಣ ಮುಟ್ಟಿಸಿದರೆ ದೊಪ್ ಎಂದು ಕೋನ್ ಹೊರಗೋ ಒಳಗೋ ಸರಿಯಬೇಕು. ಆಮೇಲೆ ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒಳಗೆ ಒತ್ತಿ. ಮರಳು ಉಜ್ಜಿದ ಹಾಗೆ ಕೇಳಿಸಿದರೆ ಕೋನಿನ ಹಿಂದಿನ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಆಯಸ್ಕಾಂತಕ್ಕೆ ಉಜ್ಜುತ್ತಿದೆ. ಕಾಗದದ ಕೋನ್ ಥಂಡಿ ಹೀರಿ ಸೊಟ್ಟಗಾದರೂ ಹೀಗಾಗುತ್ತದೆ. ಪೆಟ್ಟಿಗೆಯ ಹಿಂಭಾಗ ತೆರೆದಿರುವ ಆಂಪ್‌ಗಳಲ್ಲಿ ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿ. ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲಿ ರಿವರ್ಬ್ ವೈರ್ ಕಡಿದಿರುತ್ತದೆ. ನನ್ನ ಆಂಪಿನಲ್ಲಿ ಅವತ್ತು ಗೂಡು ಸಿಕ್ಕಿತು, ಆದರೆ ಅದು ಸ್ಪೀಕರಿಗೆ ತಾಗಿರಲಿಲ್ಲ.

ರಿವರ್ಬ್ ಸತ್ತಿದ್ದರೆ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಿಸಿ. ಗುಡುಗಿದ ಹಾಗೆ ಕೇಳಿಸಿದರೆ ಸ್ಪ್ರಿಂಗಿನ ಆಚೆ ಕಡೆ ಸರಿಯಿದೆ, ಈಚೆ ಕಡೆ ಸಿಗ್ನಲ್ ಹೋಗುತ್ತಿಲ್ಲ. ಹೆಚ್ಚಿನ ಸಲ ಅಲ್ಲಿನ ಪ್ಲಗ್ ಒರೆಸಿ ಹಾಕಿದರೆ ಆಯಿತು.

ಟ್ಯೂಬ್‌ಗಳ ಸರದಿ

ಮೊದಲು ಕಣ್ಣು. ಟ್ಯೂಬಿನ ತಲೆಯೊಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನ ಹಾಗೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೋಗಿದೆ, ಅದನ್ನು ಎಸೆಯಬೇಕು. ಹೀಟರ್ ಕೆಂಪಗೆ ಕಾಣದಿದ್ದರೆ ಟ್ಯೂಬ್ ಆರಿದೆ, ಇಲ್ಲವೇ ಪಿನ್ ಸಂಪರ್ಕ ಹೋಗಿದೆ. ಘಾಟಿಯ ತಿರುವುಗಳಲ್ಲಿ ಆಂಪ್ ಸಾಗಿಸಿದ ಮೇಲೆ ಟ್ಯೂಬ್ ಸಡಿಲವಾಗುವುದು ಸಾಮಾನ್ಯ. ಆರಿದ ಮೇಲೆ ಮೆಲ್ಲಗೆ ಅಲ್ಲಾಡಿಸುತ್ತ ಎತ್ತಿ, ಪಿನ್ ಒರೆಸಿ, ನೇರವಾಗಿ ಒತ್ತಿ ಕೂರಿಸಿ.

ಆಮೇಲೆ ಕಿವಿ. ಒಂದು ತೆಳು ಬಿದಿರು ಕಡ್ಡಿ ತೆಗೆದುಕೊಳ್ಳಿ. ಪೆನ್ಸಿಲ್ ಬೇಡ, ಒಳಗಿನ ಗ್ರಾಫೈಟ್ ಕರೆಂಟ್ ಹರಿಸುತ್ತದೆ. ಆಂಪ್ ಆನ್ ಇದ್ದು ವಾಲ್ಯೂಮ್ ಮಧ್ಯಮಕ್ಕೆ ಇದ್ದಾಗ ಒಂದೊಂದೇ ಸಣ್ಣ ಟ್ಯೂಬನ್ನು ಮೆಲ್ಲಗೆ ತಟ್ಟಿ. ಇನ್‌ಪುಟ್ಟಿಗೆ ಹತ್ತಿರದ ಮೊದಲ ಟ್ಯೂಬ್ ಸ್ವಲ್ಪ ಟಿಣ್ ಅನ್ನುವುದು ಸಹಜ, ಏಕೆಂದರೆ ಅದರ ಸದ್ದು ಮುಂದಿನ ಎಲ್ಲ ಹಂತದಲ್ಲೂ ದೊಡ್ಡದಾಗುತ್ತದೆ. ತಟ್ಟಿದ ಮೇಲೂ ಕೊಂಯ್ ಎಂದು ಎಳೆದರೆ, ಇಲ್ಲವೇ ಚಟಚಟ ಸಿಡಿದರೆ ಬದಲಿಸಿ. ಚೆನ್ನಾಗಿದೆ ಎಂದು ಖಾತ್ರಿ ಇರುವ ಒಂದು 12ಎಎಕ್ಸ್7 ಮನೆಯಲ್ಲಿ ಯಾವಾಗಲೂ ಇರಲಿ. ಅದನ್ನು ಒಂದೊಂದೇ ಜಾಗಕ್ಕೆ ಹಾಕಿ ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ತಿಳಿಯುವುದೇ ಇಲ್ಲ, ದುಡ್ಡು ಸುಮ್ನೆ ಹೋಗುತ್ತದೆ.

ದೋಷವಿಲ್ಲದೆಯೂ ಈ ಜಾಗದಲ್ಲಿ ದನಿಯ ಹರವನ್ನು ಬದಲಿಸಿಕೊಳ್ಳಬಹುದು. 12ಎಎಕ್ಸ್7ರ ವರ್ಧನೆ 100. 12ಎಟಿ7ರದ್ದು 60. ಮೊದಲ ಜಾಗಕ್ಕೆ 12ಎಟಿ7 ಹಾಕಿದರೆ ತಿಳಿ ದನಿಗೆ ಜಾಸ್ತಿ ಜಾಗ ಸಿಗುತ್ತದೆ, ಒಡಕು ತಡವಾಗಿ ಬರುತ್ತದೆ. ಸುಗಮ ಸಂಗೀತಕ್ಕೆ ನುಡಿಸುವ ತಿಂಗಳಲ್ಲಿ ನಾನು ಹಾಗೆ ಮಾಡುತ್ತೇನೆ. ಸಣ್ಣ ಟ್ಯೂಬ್ ಬದಲಿಸಿದರೆ ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಮಟ್ಟ, ಮತ್ತೆ ಹೊಂದಿಸಬೇಕಿಲ್ಲ. ಪವರ್ ಟ್ಯೂಬಿಗೆ ಆ ಸ್ವಾತಂತ್ರ್ಯ ಇಲ್ಲ. ಫಿಕ್ಸೆಡ್ ಬಯಾಸ್ ಆಂಪಿನಲ್ಲಿ ಪವರ್ ಟ್ಯೂಬ್ ಬದಲಿಸಿದರೆ ಬಯಾಸ್ ಅಳೆಯಲೇಬೇಕು. ನನ್ನದು ಕ್ಯಾಥೋಡ್ ಬಯಾಸ್, ಅದು ತಕ್ಕಮಟ್ಟಿಗೆ ತಾನೇ ಹೊಂದಿಕೊಳ್ಳುತ್ತದೆ.

ಗುಂಯ್ ಸದ್ದು ಎಲ್ಲಿಂದ ಎಂದು ತಿಳಿಯಲು ನಾನು ಆಂಪ್ ಆರಿಸಿ, ಪವರ್ ಟ್ಯೂಬಿಗೆ ಮುಂಚಿನ ಕೊನೆಯ 12ಎಎಕ್ಸ್7 ತೆಗೆದೆ. ಸಿಗ್ನಲನ್ನು ಎರಡು ಪಾಲು ಮಾಡಿ ಎರಡು ಇಎಲ್84ಗೂ ಕೊಡುವ ಟ್ಯೂಬ್ ಅದು. ಅದಿಲ್ಲದೆ ಹಾಕಿದರೆ ಹಿಂದಿನ ಹಂತಗಳ ಯಾವ ಸದ್ದೂ ಸ್ಪೀಕರಿಗೆ ಬರುವಂತಿಲ್ಲ. ಆದರೂ ಇಪ್ಪತ್ತು ನಿಮಿಷಕ್ಕೆ ಗುಂಯ್ ಬಂತು. ಅಲ್ಲಿಗೆ ಹುಡುಕಾಟ ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ಇಳಿಯಿತು.

ಸದ್ದಿನ ಶ್ರುತಿಯೂ ಸುಳಿವು ಕೊಡುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಅರ್ಥಿಂಗ್ ಸುತ್ತು, ಹೀಟರ್ ಕಡೆಯ ದೋಷ 50ರಲ್ಲೇ ಕೇಳುತ್ತದೆ, ತಗ್ಗಿನ ಸದ್ದು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲಿನ ಏರಿಳಿತ 100 ಹರ್ಟ್ಸ್, ಒಂದು ಸ್ಥಾಯಿ ಮೇಲೆ. ಗಿಟಾರ್‌ನಲ್ಲಿ ಆರನೆಯ ತಂತಿಯ ಮೂರು ನಾಲ್ಕನೇ ಫ್ರೆಟ್ಟಿನ ನಡುವೆ 100 ಹರ್ಟ್ಸ್ ಬರುತ್ತದೆ. ನನ್ನ ಗುಂಯ್ ಅಲ್ಲಿಗೇ ಕೂಡುತ್ತಿತ್ತು. ಫಿಲ್ಟರ್ ಕೆಪಾಸಿಟರ್ ಒಣಗಿದರೂ ಇದೇ ಸದ್ದು, ಆದರೆ ಅದು ಆಂಪ್ ಹಾಕಿದ ಕೂಡಲೇ ಇರುತ್ತದೆ. ಇಪ್ಪತ್ತು ನಿಮಿಷ ಕಾಯುವುದಿಲ್ಲ.

ಕತ್ತಲಲ್ಲಿ ಕಂಡದ್ದು

ಕೋಣೆಯ ದೀಪ ಆರಿಸಿ ಆಂಪಿನ ಹಿಂದೆ ಕೂತೆ. ಹದಿನೆಂಟನೆಯ ನಿಮಿಷಕ್ಕೆ ಬಲಗಡೆಯ ಇಎಲ್84ರ ಬೂದು ಪ್ಲೇಟಿನ ಮೇಲೆ ಕೆಂಪು ಕಲೆ ಮೂಡಿತು. ಹೀಟರಿನ ಕಿತ್ತಳೆ ಬೆಳಕು ಬೇರೆ. ಇದು ಪ್ಲೇಟೇ ಕಾದು ಕೆಂಡವಾಗುವುದು. ಟ್ಯೂಬ್ ತನ್ನ ಶಕ್ತಿ ಮೀರಿ ಕರೆಂಟ್ ಎಳೆಯುತ್ತಿದೆ ಎಂದರ್ಥ. ಇದನ್ನು ಕಂಡ ಕೂಡಲೇ ಆರಿಸಬೇಕು.

ಆರಿದ ಮೇಲೆ ಎರಡೂ ಇಎಲ್84ಗಳನ್ನು ಅದಲು ಬದಲು ಮಾಡಿದೆ. ಆ ಕೆಂಪು ಕಲೆ ಟ್ಯೂಬಿನ ಜೊತೆ ಎಡಕ್ಕೆ ಬಂದರೆ ಟ್ಯೂಬ್ ಕೆಟ್ಟಿದೆ. ಬಲಗಡೆಯೇ ಉಳಿದರೆ ಸರ್ಕ್ಯೂಟ್ ಕೆಟ್ಟಿದೆ. ಬಲಗಡೆಯೇ ಉಳಿಯಿತು. ಈ ಒಂದು ಪರೀಕ್ಷೆಗೆ ಕಾಸು ಖರ್ಚಿಲ್ಲ. ಹೊಸ ಟ್ಯೂಬ್ ತರಿಸುವ ಮೊದಲು ಎಲ್ಲರೂ ಮಾಡಲೇಬೇಕಾದ ಪರೀಕ್ಷೆ ಇದು. ತರಿಸಿ ಹಾಕಿದ್ದರೆ ಹೊಸ ಟ್ಯೂಬೂ ಸುಡುತ್ತಿತ್ತು.

ಇಲ್ಲಿಂದ ಮುಂದೆ ಒಳಗಿನ ಕೆಲಸ. ರೇಡಿಯೋ ಅಣ್ಣ ಪಕ್ಕದಲ್ಲೇ ಕೂತಿದ್ದರು. ಎರಡು ಇಎಲ್84ಗೂ ಸೇರಿ ಒಂದೇ 130 ಓಮ್ ಕ್ಯಾಥೋಡ್ ರೆಸಿಸ್ಟರ್. ಶುರುವಿನಲ್ಲಿ ಅದರ ಮೇಲೆ 10.5 ವೋಲ್ಟ್, ಅಂದರೆ ಒಟ್ಟು 80 ಮಿಲಿಆಂಪ್ ಹತ್ತಿರ. ಬಿಸಿಯಾದ ಮೇಲೆ 14.5 ವೋಲ್ಟ್, ಅಂದರೆ 110 ಮಿಲಿಆಂಪ್. ಹೆಚ್ಚಿನ ಪಾಲು ಬಲಗಡೆಯ ಟ್ಯೂಬೇ ನುಂಗುತ್ತಿತ್ತು. ಎರಡು ಟ್ಯೂಬ್ ಸಮವಾಗಿದ್ದಾಗ 100 ಹರ್ಟ್ಸಿನ ಏರಿಳಿತ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತದೆ. ತಕ್ಕಡಿ ಒಂದು ಕಡೆ ವಾಲಿದರೆ ಅದು ಗುಂಯ್ ಎಂದು ಹೊರಗೆ ಬರುತ್ತದೆ. ತಿಳಿ ದನಿ ಹೋಗಿದ್ದೂ ಇದಕ್ಕೇ. ಒಂದು ಟ್ಯೂಬ್ ಸಿಗ್ನಲ್ ಬರುವ ಮೊದಲೇ ಸಾಕಷ್ಟು ತೆರೆದುಕೊಂಡಿದ್ದರೆ ಮೆತ್ತನೆ ಮೀಟಿಗೂ ಅದು ಒಡೆಯುತ್ತದೆ.

ಯಾಕೆ ವಾಲಿತು? ಎರಡೂ ಇಎಲ್84 ತೆಗೆದಿಟ್ಟು, ಆಂಪ್ ಹಾಕಿ, ಸಾಕೆಟ್ಟಿನ 2ನೇ ಪಿನ್ ಅಳೆದೆವು. ಅದು ಗ್ರಿಡ್. ಅಲ್ಲಿ ಸೊನ್ನೆ ಇರಬೇಕು. ಎಡಗಡೆ ಸೊನ್ನೆ. ಬಲಗಡೆ 0.4 ವೋಲ್ಟ್. ಅಣ್ಣ ಮನೆಯಿಂದ ತಲೆಕೂದಲು ಒಣಗಿಸುವ ಡ್ರೈಯರ್ ತರಿಸಿ, ದೂರದಿಂದ ಆ ಭಾಗಕ್ಕೆ ಬಿಸಿ ಗಾಳಿ ಬಿಟ್ಟರು. ಮೀಟರ್ ಏರುತ್ತ ಹೋಗಿ 6.8ರಲ್ಲಿ ನಿಂತಿತು. "ನೋಡು, ಇಪ್ಪತ್ತು ನಿಮಿಷ ಇಲ್ಲಿ ಕೂತಿತ್ತು" ಅಂದರು.

ಈಗಲೂ ಎರಡು ಸಾಧ್ಯತೆ ಉಳಿದಿತ್ತು. ಒಂದು, ಬೋರ್ಡಿನ ಮೇಲೆ ಥಂಡಿ ಮತ್ತು ಧೂಳು ಸೇರಿ ಪಕ್ಕದ ಪ್ಲೇಟ್ ವೋಲ್ಟೇಜನ್ನು ಗ್ರಿಡ್ ಕಡೆ ಸೋರಿಸುವುದು. ಮಲೆನಾಡಿನಲ್ಲಿ ಇದನ್ನು ಮರೆಯುವಂತಿಲ್ಲ. ಅದರಲ್ಲೂ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ಸಾಮಾನಿಗೆ ಹೊಗೆಯ ಜಿಡ್ಡೂ ಕೂಡಿಕೊಳ್ಳುತ್ತದೆ. ಇನ್ನೊಂದು, ಹಿಂದಿನ ಹಂತದ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರೇ ಸೋರುವುದು. ಥಂಡಿಯ ಸೋರಿಕೆ ಬಿಸಿ ಗಾಳಿಗೆ ಕಡಿಮೆಯಾಗಬೇಕು. ನಮ್ಮದು ಜಾಸ್ತಿಯಾಯಿತು. ಹಾಗಾಗಿ ಕೆಪಾಸಿಟರ್ ಮೇಲೆಯೇ ಸಂಶಯ ಬಲವಾಯಿತು. ಆದರೂ ಚಾರ್ಜ್ ಇಳಿಸಿ, ಬೋರ್ಡ್ ಮತ್ತು ಸಾಕೆಟ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಮತ್ತೆ ಅಳೆದೆವು. ಬಿಸಿಯಲ್ಲಿ 6.1. ಅಂದರೆ ಕೊಳೆಯ ಪಾಲು ಚೂರು, ಉಳಿದದ್ದು ಕೆಪಾಸಿಟರಿನದು. ಅದರ ಗ್ರಿಡ್ ಕಡೆಯ ಕಾಲು ಬಿಚ್ಚಿ ಎತ್ತಿದೆವು. ಪಿನ್ ಸೊನ್ನೆಗೆ ಬಂತು.

ಹೊಸದು 0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್. ಎಡಗಡೆಯದು ಸರಿಯಿದ್ದರೂ ಅದೇ ವಯಸ್ಸಿನದು, ಅದನ್ನೂ ಬದಲಿಸಿದೆವು. ಕೆಂಪಾಗಿ ಕಾದಿದ್ದ ಇಎಲ್84ನ್ನು ಮತ್ತೆ ನಂಬಲು ಮನಸ್ಸಾಗಲಿಲ್ಲ, ಹೊಸ ಜೋಡಿ ಹಾಕಿದೆ. ಹಳೇ ಜೋಡಿಗೆ "ಕಾದದ್ದು" ಎಂದು ಚೀಟಿ ಅಂಟಿಸಿ ಪರೀಕ್ಷೆಗೆ ಇಟ್ಟುಕೊಂಡಿದ್ದೇನೆ.

ಈಗ ಇಡುವ ಕ್ರಮ

ತೋಟದ ಮನೆಯಲ್ಲಿ ಆಂಪ್ ಈಗ ಸ್ಟೆಬಿಲೈಸರ್ ಮೇಲೆ ಓಡುತ್ತದೆ. ಅಟ್ಟದಲ್ಲಿ ಇಡುವುದಿಲ್ಲ. ನೆಲಕ್ಕೂ ಗೋಡೆಗೂ ತಾಗದ ಹಾಗೆ ಮರದ ಮಣೆಯ ಮೇಲೆ, ಹಿಂಭಾಗಕ್ಕೆ ಹತ್ತಿ ಬಟ್ಟೆ ಹೊದಿಸಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ಕವರ್ ಒಳಗೇ ಬೆವರುತ್ತದೆ, ಅದು ಬೇಡ. ಮಳೆಗಾಲದಲ್ಲಿ ವಾರಕ್ಕೆ ಒಂದು ಸಲವಾದರೂ ಅರ್ಧ ಗಂಟೆ ಹಾಕುತ್ತೇನೆ. ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ. ಮೇ ತಿಂಗಳ ಗುಡುಗಿಗೆ ಪ್ಲಗ್ ಪೂರ್ತಿ ಕಿತ್ತಿಡುತ್ತೇನೆ, ಸ್ವಿಚ್ ಆರಿಸಿದರೆ ಸಾಲದು.

ರಿಪೇರಿ ಮುಗಿದ ರಾತ್ರಿ ನಲವತ್ತು ನಿಮಿಷ ಬಿಡದೆ ಓಡಿಸಿದೆವು. ಕ್ಯಾಥೋಡ್ 10.6 ವೋಲ್ಟ್‌ನಲ್ಲಿ ನಿಂತಿತ್ತು, ಕತ್ತಲಲ್ಲಿ ಎರಡೂ ಪ್ಲೇಟ್ ಬೂದಾಗಿಯೇ ಇದ್ದವು. ಆಮೇಲೆ ನೋಟ್‌ಬುಕ್ ತೆರೆದು ಗಿಟಾರ್ ವಾಲ್ಯೂಮ್ 3ಕ್ಕೆ ಇಟ್ಟೆ. ತಿಳಿ. 6ಕ್ಕೆ ಸಣ್ಣ ಒರಟು, ಮೆತ್ತಗೆ ಮೀಟಿದರೆ ಇಲ್ಲ. 10ಕ್ಕೆ ಏರಿಸಿ ಒಂದು ಸ್ವರ ಹಿಡಿದೆ. ಅದು ಮೊಳಗುತ್ತಲೇ ಇತ್ತು. ಅಣ್ಣ ಕಣ್ಣು ಮುಚ್ಚಿ ಕೇಳಿ, "ಇನ್ನೊಂದ್ಸಲ ಮೂರಕ್ಕೆ ಇಳಿಸು" ಅಂದರು.